ಒರತೆಯ ನೀರು

ದಹಿಸರ್
8 ಅಕ್ಟೋಬರ್ 2023

ಮಗಳೇ ಶಿವಕುಮಾರಿ,

ನಿನ್ನ ಪತ್ರ ಬಂತು. ಫೋನಿನಲ್ಲಿ ನೀನು ಹೇಳಿದ್ದನ್ನು ನಿನ್ನ ಅಕ್ಕ ನಾಗರತ್ನಾ ನನ್ನ ಕಿವಿಯ ಹತ್ತಿರ ಬಂದು ಕೂಗುತ್ತಾಳೆ, ಆದರೆ ಅರ್ಧ ತನ್ನದೇ ಸೇರಿಸುತ್ತಾಳೆ. ಇಪ್ಪತ್ತು ವರ್ಷ ಡೀಸೆಲ್ ಪಂಪಿನ ಪಕ್ಕ ನಿಂತ ಕಿವಿ ಇದು, ಎದುರಿಗೆ ನಿಂತು ಜೋರಾಗಿ ಮಾತಾಡಿದರಷ್ಟೇ ಕೇಳುತ್ತದೆ. ಕಾಗದದಲ್ಲಿ ನೀನು ಪೂರ್ತಿ ಸಿಗುತ್ತೀಯ. ಹೀಗೇ ಬರೆಯುತ್ತಿರು.

ನದಿ ದಂಡೆಯ ಸಣ್ಣ ನೀರಾವರಿಯ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ, ನಮ್ಮ ಹೊಲದ ಬಗ್ಗೆಯೇ ಬರೆಯುತ್ತೇನೆ ಎಂದಿದ್ದೀಯ. ಎಮ್ಮೆ ಕಟ್ಟುವ ತಬೇಲಾದ ಹಿಂದಿನ ಆ ಹತ್ತು ಗುಂಟೆಯನ್ನು ಹೊಲ ಎಂದು ಕರೆದವಳು ನೀನೊಬ್ಬಳೇ. ಇಲ್ಲಿ ಎಲ್ಲರೂ ‘ಭಾಜಿವಾಲಾ ಜಾಗ’ ಎನ್ನುತ್ತಾರೆ. ನಿನ್ನ ಅವ್ವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಲಾಭ ಏನು ಎಂದು ಕೇಳಿದ್ದೀಯ. ಯಾದಗಿರಿಯಿಂದ ಬಂದು ನಾಲ್ಕು ವರ್ಷ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತೆ. ಕರೆದ ದಿನ ಕೆಲಸ, ಕರೆಯದ ದಿನ ಉಪವಾಸ. ಈ ಮಣ್ಣಿಗೆ ಬಂದ ಮೇಲೆ ನನ್ನನ್ನು ಯಾರೂ ಕರೆಯಬೇಕಾಗಿಲ್ಲ. ಮೆಂತ್ಯೆ, ಪಾಲಕ್ ಇಪ್ಪತ್ತೈದು ದಿನಕ್ಕೆ ಕೈಗೆ ಬರುತ್ತವೆ. ಒಂದು ಮಡಿ ಕಿತ್ತರೆ ಪಕ್ಕದ ಮಡಿ ಮೊಳೆಯುತ್ತಿರುತ್ತದೆ. ನಿನ್ನ ಅವ್ವ ಸ್ಟೇಷನ್ ಹೊರಗೆ ಬುಟ್ಟಿ ಇಟ್ಟು ಕೂತರೆ ಮಧ್ಯಾಹ್ನದೊಳಗೆ ಖಾಲಿ. ನೀನು ಓದಿದ್ದು ಇದರ ಮೇಲೆಯೇ. ನದಿಯಿಂದ ನೇರವಾಗಿ ನಾನು ನೀರು ಎತ್ತುವುದಿಲ್ಲ ಎಂಬುದನ್ನೂ ಬರೆ. ದಂಡೆಯಲ್ಲಿ ಒರತೆ ತೋಡಿದ್ದೇನೆ, ಉಸುಕಿನಲ್ಲಿ ಸೋಸಿ ಬಂದ ನೀರನ್ನೇ ಪಂಪು ಎಳೆಯುತ್ತದೆ. ಭೀಮಾ ದಂಡೆಯಲ್ಲಿ ನಮ್ಮ ಅಪ್ಪ ಹಾಗೆ ಮಾಡುತ್ತಿದ್ದ.

ತೊಂದರೆ ಎಂದರೆ ಮಳೆಗಾಲ. ಈ ಜುಲೈನಲ್ಲಿಯೂ ನದಿ ಮೇಲೆ ಬಂದು ಮಡಿಗಳನ್ನೆಲ್ಲ ನೆಕ್ಕಿಕೊಂಡು ಹೋಯಿತು. ಪ್ಲಾಸ್ಟಿಕ್ ಚೀಲ, ಕೆಸರು ಎಲ್ಲ ಎತ್ತಿ ಹಾಕಿ ಹೋದ ವಾರ ಮತ್ತೆ ಬಿತ್ತಿದೆವು. ಗಂಡ ಅನಿಲ ಕೆಲಸಕ್ಕೆ ಹೋದ ಮೇಲೆ ನಾಗರತ್ನಾ ದಿನವೂ ಬರುತ್ತಾಳೆ. ಅವಳ ಮೂರು ವರ್ಷದ ಮಗಳು ಶ್ರಾವ್ಯಾ ಒದ್ದೆ ಮಡಿಯಲ್ಲಿ ಕೂತು ಗಿಡಗಳಿಗೆ ಬೈಯುತ್ತಾಳೆ. ‘ಚಿಗವ್ವ ಯಾವಾಗ ಬರ್ತಾಳ’ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ.

ನಿನ್ನ ಅಪ್ಪ,
ಸಾಯಬಣ್ಣ


ಧಾರವಾಡ
21 ಅಕ್ಟೋಬರ್ 2023

ಅಪ್ಪಾ,

ನಿನ್ನ ಪತ್ರವನ್ನು ಹಾಸ್ಟೆಲಿನ ಗೆಳತಿಯರಿಗೂ ಓದಿ ಹೇಳಿದೆ.

ಇನ್ನೊಂದು ಸಂಗತಿ. ಸೋಮವಾರ ವಿಷಯ ಮಂಡಿಸುವಾಗ ನಮ್ಮ ಗೈಡ್ ಸರ್ ಎಲ್ಲರೆದುರು ಕೇಳಿದರು: ಮುಂಬೈಯಲ್ಲಿ ನದಿ ಎಲ್ಲಿದೆ, ಇರುವುದೆಲ್ಲ ಗಟಾರ, ಗಟಾರದ ನೀರಲ್ಲಿ ಬೆಳೆದ ಸೊಪ್ಪಿನ ಮೇಲೆ ಏನು ಬರೆಯುತ್ತೀಯ ಎಂದು. ಹಿಂದಿನ ಬೆಂಚಿನವರು ನಕ್ಕರು. ನನಗೆ ಸಿಟ್ಟು ಬಂತು. ನಮ್ಮ ನದಿ ಹುಟ್ಟುವುದು ಕಾಡಿನ ಗುಡ್ಡದಲ್ಲಿ, ನಮ್ಮಪ್ಪ ಒರತೆ ತೋಡಿ ನೀರು ಸೋಸುತ್ತಾನೆ, ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ.

ಈಗ ತೋರಿಸಬೇಕು. ಎರಡು ಲೀಟರಿನ ಹೊಸ ಬಾಟಲಿ ತೆಗೆದುಕೊಂಡು ಒರತೆಯ ನೀರಿನಿಂದಲೇ ಮೂರು ಸಲ ತೊಳೆದು, ಪಂಪಿನ ಪೈಪು ಮುಳುಗುವ ಜಾಗದಲ್ಲಿ ತುಂಬು. ಹುಬ್ಬಳ್ಳಿ ಬಸ್ಸಿನಲ್ಲಿ ಕ್ಲೀನರ್ ಇದ್ದಾನಲ್ಲ, ನಮ್ಮ ಗಲ್ಲಿಯ ದೇವಾನಂದಣ್ಣ, ಅವನ ಕೈಯಲ್ಲಿ ಕಳಿಸು. ಮುಂದೆ ಎಲೆಗಳನ್ನೂ ಕೇಳುತ್ತೇನೆ.

ನನ್ನ ಮಾನ ನಿನ್ನ ಬಾಟಲಿಯಲ್ಲಿದೆ. ತಮಾಷೆಗೆ ಹೇಳಿದೆ.

ಶಿವಿ


ದಹಿಸರ್
7 ನವೆಂಬರ್ 2023

ಮಗಳೇ,

ದೇವಾನಂದನ ಕೈಯಲ್ಲಿ ಬಾಟಲಿ ಕೊಟ್ಟಿದ್ದೇನೆ. ನೀನು ಹೇಳಿದ ಹಾಗೆಯೇ ಮೂರು ಸಲ ತೊಳೆದು ತುಂಬಿದ್ದೇನೆ. ಮುಚ್ಚಳಕ್ಕೆ ಮೇಣ ಹಾಕಿದ್ದೇನೆ.

ದೀಪಾವಳಿಗೆ ಕೊತ್ತಂಬರಿಗೆ ಒಳ್ಳೆಯ ಗಿರಾಕಿ ಇದೆ. ಮೇಲ್ಗಡೆ, ಆಚೆ ದಂಡೆಗೆ ಯಾರೋ ತಗಡಿನ ಶೆಡ್ ಹಾಕಿದ್ದಾರೆ. ಬೇರೆ ವಿಶೇಷವಿಲ್ಲ. ನೀನು ಸರಿಯಾಗಿ ಊಟ ಮಾಡು.

ಅಪ್ಪ


ಧಾರವಾಡ
2 ಡಿಸೆಂಬರ್ 2023

ಅಪ್ಪಾ,

ಗೆದ್ದೆವು. ನೀರಿನಲ್ಲಿ ಏನೂ ಇಲ್ಲ. ಉಪ್ಪು, ಲೋಹ ಎಲ್ಲ ಮಿತಿಯೊಳಗಿದೆ, ಕುಡಿಯಬಹುದಾದಷ್ಟು ಚೆನ್ನಾಗಿದೆ. ಗೈಡ್ ಸರ್ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಇದು ಮುಂಬೈ ನೀರೇ ಹೌದಾ’ ಎಂದು ಎರಡು ಸಲ ಕೇಳಿದರು. ಉಸುಕು ಸೋಸುತ್ತದೆ ಸರ್, ನಮ್ಮಜ್ಜನ ವಿದ್ಯೆ ಎಂದೆ.

ವರದಿಯ ನಕಲು ಇಟ್ಟಿದ್ದೇನೆ, ಅವ್ವನಿಗೆ ತೋರಿಸು. ಯಾರಾದರೂ ಗಟಾರದ ಸೊಪ್ಪು ಎಂದರೆ ಮುಖಕ್ಕೆ ಹಿಡಿಯಲಿ. ಅಕ್ಕನಿಗೂ ಹೇಳು, ಶ್ರಾವ್ಯಾಗೆ ಧೈರ್ಯವಾಗಿ ತಿನ್ನಿಸಲಿ.

ಈಗ ಎಲೆ ಬೇಕು. ಪಾಲಕ್, ಮೆಂತ್ಯೆ, ರಾಜಗಿರಿ ಒಂದೊಂದು ಸಿವುಡು. ಬೇರು ಕತ್ತರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಕಳಿಸು.

ಶಿವಿ


ದಹಿಸರ್
22 ಡಿಸೆಂಬರ್ 2023

ಮಗಳೇ,

ಮೂರೂ ಸೊಪ್ಪು ಒಣಗಿಸಿ, ಪೇಪರಿನಲ್ಲಿ ಸುತ್ತಿ ಕಳಿಸಿದ್ದೇನೆ. ಒಣಗಿಸಲು ಚಾಳಿನ ಮಾಳಿಗೆ ಮೇಲೆ ಹಾಕಿದ್ದೆ, ನಿನ್ನ ಅವ್ವ ಕಾಗೆ ಕಾಯುತ್ತ ಕೂತಳು.

ನೀನು ಕಳಿಸಿದ ವರದಿಯನ್ನು ಅವಳು ಪ್ಲಾಸ್ಟಿಕ್ ಹಾಕಿಸಿ ಬುಟ್ಟಿಯ ಪಕ್ಕ ಇಟ್ಟುಕೊಳ್ಳುತ್ತಾಳೆ. ಇಂಗ್ಲಿಷಿನಲ್ಲಿದೆ, ಅವಳಿಗೆ ಒಂದಕ್ಷರ ಗೊತ್ತಿಲ್ಲ. ಆದರೂ ಗಿರಾಕಿಗಳಿಗೆ ‘ಹಮಾರಿ ಬೇಟಿ ನೇ ಟೆಸ್ಟ್ ಕಿಯಾ’, ನಮ್ಮ ಮಗಳೇ ಪರೀಕ್ಷೆ ಮಾಡಿದ್ದು ಎನ್ನುತ್ತಾಳೆ. ಅದನ್ನು ನೋಡಿ ಮೊನ್ನೆ ಒಬ್ಬಾಕೆ ಎರಡು ಸಿವುಡು ಹೆಚ್ಚಿಗೆ ಒಯ್ದಳು.

ಶ್ರಾವ್ಯಾ ಆರಾಮ ಇದ್ದಾಳೆ. ಹಟ ಸ್ವಲ್ಪ ಜಾಸ್ತಿ. ಗಲ್ಲಿಯ ಡಾಕ್ಟರು ರಕ್ತ ಕಡಿಮೆ ಇದೆ, ಹಸಿರು ಸೊಪ್ಪು ಹೆಚ್ಚಿಗೆ ತಿನ್ನಿಸಿ ಎಂದರು. ನಮ್ಮ ಮನೆಯಲ್ಲಿ ಅದೊಂದಕ್ಕೆ ಕೊರತೆಯಿಲ್ಲ ಎಂದು ನಾಗರತ್ನಾ ನಕ್ಕಳಂತೆ.

ಅಪ್ಪ


ಧಾರವಾಡ
25 ಜನವರಿ 2024

ಅಪ್ಪಾ,

ತಡವಾಯಿತು. ಎಲೆಯ ಪರೀಕ್ಷೆ ಇನ್ನೂ ಮುಗಿದಿಲ್ಲ. ಯಂತ್ರ ಸರಿಯಿಲ್ಲ.

ಕೆಲವು ಪ್ರಶ್ನೆಗಳಿವೆ, ಪ್ರಾಜೆಕ್ಟಿಗೆ ಬೇಕು ಅಷ್ಟೇ. ಎಲೆ ಸುತ್ತಿದ ಪೇಪರು ಹಳೆಯದೇ? ಒಣಗಿಸಿದ ಮಾಳಿಗೆಗೆ ಹೊಸದಾಗಿ ಬಣ್ಣ ಬಳಿದಿದ್ದರೇ? ಒರತೆ ಬಿಟ್ಟು ಬೇರೆ ಎಲ್ಲಿಂದಾದರೂ ನೀರು ಹಾಯಿಸುತ್ತೀಯಾ? ಶ್ರಾವ್ಯಾ ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಾಳಾ?

ಸಾಧ್ಯವಾದರೆ ಇನ್ನೊಂದು ಸಲ ಎಲೆ ಕಳಿಸು. ಈ ಸಲ ಪೇಪರ್ ಬೇಡ, ಬಟ್ಟೆಯಲ್ಲಿ ಕಟ್ಟು.

ಶಿವಿ


ದಹಿಸರ್
18 ಫೆಬ್ರುವರಿ 2024

ಮಗಳೇ,

ನಿನ್ನ ಪತ್ರ ಚಿಕ್ಕದಾಗಿತ್ತು. ಅಕ್ಷರವೂ ನಿನ್ನದರ ಹಾಗಿರಲಿಲ್ಲ. ಅಲ್ಲಿ ಯಾರಾದರೂ ಏನಾದರೂ ಅಂದರೇ? ಓದು ಕಷ್ಟವಾಗುತ್ತಿದೆಯೇ? ಹಿಂದಿನ ಬೆಂಚಿನವರು ನಗುವುದಕ್ಕೇ ಇರುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದು ಪರೀಕ್ಷೆ ಕೆಟ್ಟರೆ ಇನ್ನೊಂದು ಬರೆಯಬಹುದು.

ದೇವಾನಂದ ಊರಿಗೆ ಹೋಗಿದ್ದಾನೆ. ಅವನು ಬಂದ ಮೇಲೆ ಎಲೆ ಕಳಿಸುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ: ಪೇಪರು ಹಿಂದಿನ ದಿನದ್ದು. ಮಾಳಿಗೆಗೆ ಬಣ್ಣ ಕಂಡು ಹತ್ತು ವರ್ಷವಾಯಿತು. ನೀರು ಒರತೆಯದೇ. ಮಣ್ಣು ತಿನ್ನದ ಮಕ್ಕಳು ಎಲ್ಲಿದ್ದಾರೆ, ನೀನು ಗೋಡೆಯ ಸುಣ್ಣ ಕೆರೆದು ತಿಂದವಳು.

ನಮ್ಮ ಪಕ್ಕದ ಮಡಿಯ ಸಂಗಪ್ಪ ಇದ್ದಾನಲ್ಲ, ಅವನೂ ನಿನ್ನ ವರದಿಯ ಝೆರಾಕ್ಸ್ ಮಾಡಿಸಿಕೊಂಡು ಹೋದ. ಅವನ ಒರತೆ ನಮ್ಮದರಿಂದ ಇಪ್ಪತ್ತು ಹೆಜ್ಜೆ, ಅದೇ ನೀರು. ಈಗ ದಂಡೆಯ ಆರು ಮನೆಯವರೂ ಅದನ್ನೇ ತೋರಿಸಿ ಮಾರುತ್ತಾರೆ. ನಿನ್ನ ಹೆಸರು ಎಲ್ಲರ ಬಾಯಲ್ಲಿದೆ.

ಶ್ರಾವ್ಯಾ ಮೊದಲಿನ ಹಾಗೆ ವಟಗುಟ್ಟುವುದಿಲ್ಲ. ಮಾತು ಕಡಿಮೆ ಮಾಡಿದ್ದಾಳೆ. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂತಿರುತ್ತಾಳೆ. ಜಂತುವಿನ ಔಷಧ ಕೊಟ್ಟಿದ್ದೇವೆ. ಮೊನ್ನೆ ನಿನ್ನ ಫೋಟೋ ತೋರಿಸಿ ಯಾರು ಎಂದು ಕೇಳಿದರೆ ಸುಮ್ಮನೆ ನೋಡಿದಳು. ಮಕ್ಕಳು ಮರೆಯುತ್ತಾರೆ, ನೀನು ಬಂದು ಹೋಗಿ ವರ್ಷವಾಯಿತು.

ಅಪ್ಪ


ಧಾರವಾಡ
24 ಫೆಬ್ರುವರಿ 2024

ಅಪ್ಪಾ,

ನಿನ್ನ ಪತ್ರ ಇಂದು ಹನ್ನೊಂದು ಗಂಟೆಗೆ ಬಂತು. ಕಡೆಯ ಸಾಲುಗಳನ್ನು ಓದಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಶ್ರಾವ್ಯಾಳನ್ನು ಈಗಲೇ ಪರೇಲಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ರಕ್ತದಲ್ಲಿ ಸೀಸ ನೋಡಿ ಎಂದು ಡಾಕ್ಟರಿಗೆ ಹೇಳಿ ಎಂದೆ. ಅನಿಲ ಮಾವನಿಗೂ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಹೊರಟಿದ್ದಾರೆ. ಈ ಕಾಗದ ತಲುಪುವ ಹೊತ್ತಿಗೆ ನಿನಗೆ ಎಲ್ಲ ಗೊತ್ತಾಗಿರುತ್ತದೆ. ಆದರೂ ನನ್ನ ಬಾಯಿಂದ ನಿನಗೆ ಹೇಳಬೇಕು, ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ.

ಎಲೆಯಲ್ಲಿ ಸೀಸ ಇದೆ. ಮೂರೂ ಸೊಪ್ಪಿನಲ್ಲಿ, ಇರಬಾರದಷ್ಟು. ಅದು ನನಗೆ ಜನವರಿ ಒಂಬತ್ತನೇ ತಾರೀಖು ಗೊತ್ತಾಯಿತು. ಯಂತ್ರ ಸರಿಯಾಗಿಯೇ ಇತ್ತು, ನಿನಗೆ ಸುಳ್ಳು ಬರೆದೆ.

ನೀರು ಶುದ್ಧ, ಎಲೆಯಲ್ಲಿ ವಿಷ. ಹೀಗೆ ಹೇಗೆ ಆಗುತ್ತದೆ? ನನ್ನ ಕೈಯೇ ತಪ್ಪಿತು ಅಂದುಕೊಂಡೆ. ಪಾತ್ರೆ ತೊಳೆದದ್ದು ಸರಿಯಿಲ್ಲ, ಪೇಪರಿನ ಶಾಯಿ, ಮಾಳಿಗೆಯ ಧೂಳು, ಏನೇನೋ ಕಾರಣ ಹುಡುಕಿದೆ. ಗೈಡ್ ಸರ್‌ಗೆ ಹೇಳಿದ್ದರೆ ಆ ದಿನವೇ ತಿಳಿಯುತ್ತಿತ್ತೇನೋ. ಹೇಳಲಿಲ್ಲ. ಅವರೆದುರು ಗೆದ್ದು ಒಂದು ತಿಂಗಳಾಗಿತ್ತು. ಕಾಗದವನ್ನು ಟ್ರಂಕಿನಲ್ಲಿಟ್ಟು, ಉಳಿದ ಎಲೆಯನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಪ್ರತಿ ಸಲ ಅದೇ ಬಂತು.

ಸೊಪ್ಪು ಯಾರೂ ತಿನ್ನಬೇಡಿ. ಅವ್ವ ಮಾರುವುದು ಬೇಡ. ಸಂಗಪ್ಪ ಕಾಕಾನಿಗೂ ಹೇಳು.

ಅಪ್ಪಾ, ನೀರಿನಲ್ಲಿಲ್ಲದ್ದು ಎಲೆಗೆ ಎಲ್ಲಿಂದ ಬಂತು? ನಿನಗೆ ಏನಾದರೂ ಗೊತ್ತಿದ್ದರೆ ಬರೆ.

ಶಿವಿ


ಪರೇಲ್, ಆಸ್ಪತ್ರೆಯ ಹೊರಗೆ
11 ಮಾರ್ಚ್ 2024

ಮಗಳೇ,

ಹದಿನಾರು ದಿನದಿಂದ ಇಲ್ಲಿದ್ದೇವೆ. ಒಳಗೆ ಒಬ್ಬರನ್ನೇ ಬಿಡುತ್ತಾರೆ, ನಾಗರತ್ನಾ ಇದ್ದಾಳೆ. ನಾನು ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಕರೆತಂದ ಮರುದಿನ ಮಗು ಸೆಟೆದುಕೊಂಡಿತು. ಕಣ್ಣು ಮೇಲಾಯಿತು, ಬಾಯಲ್ಲಿ ನೊರೆ. ನಿನ್ನ ಅಕ್ಕ ಕಿರುಚಿದ್ದು ನನಗೂ ಕೇಳಿಸಿತು. ನೀನು ಹೇಳಿದ್ದರಿಂದಲೇ ಡಾಕ್ಟರು ಸೀಸ ನೋಡಿದರು, ಇಲ್ಲದಿದ್ದರೆ ಬೇರೇನೋ ಹುಡುಕುತ್ತ ಕೂಡುತ್ತಿದ್ದರು. ಈಗ ಅದನ್ನು ರಕ್ತದಿಂದ ಇಳಿಸುವ ಔಷಧ ಕೊಡುತ್ತಿದ್ದಾರೆ. ಜೀವಕ್ಕೆ ಭಯವಿಲ್ಲ ಎಂದು ನಿನ್ನೆ ಹೇಳಿದರು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇದೆ. ಹದಿನಾರು ದಿನದಿಂದ ಬರೆಯಲು ಆಗಿರಲಿಲ್ಲ.

ಆ ಬಾಟಲಿಯಲ್ಲಿದ್ದದ್ದು ಒರತೆಯ ನೀರಲ್ಲ. ನಮ್ಮ ಗಲ್ಲಿಯ ಮುನ್ಸಿಪಾಲ್ಟಿ ನಲ್ಲಿಯ ನೀರು.

ನಿನ್ನ ಪತ್ರ ಬಂದ ದಿನ ಬಾಟಲಿ ಹಿಡಿದು ಒರತೆಗೆ ಹೋಗಿದ್ದೆ. ಮೇಲಿನ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆಯುತ್ತಿದ್ದರು. ಒಡೆದು, ಒಳಗಿನ ಸೀಸದ ತುಂಡುಗಳನ್ನು ನದಿಯಲ್ಲೇ ತೊಳೆಯುತ್ತಿದ್ದರು. ದಸರೆಯ ಹೊತ್ತಿಗೇ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು, ಕೈಗೆ ಉರಿಯುತ್ತಿತ್ತು. ಒರತೆಯಲ್ಲಿ ಕಪ್ಪೆ ಸತ್ತು ತೇಲುತ್ತಿದ್ದವು. ಉಸುಕು ಸೋಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದಾಗ, ನೀನು ಎಲ್ಲರೆದುರು ಆಡಿದ ಮಾತು ನೆನಪಾಯಿತು. ಚೆಲ್ಲಿದೆ. ಮನೆಗೆ ಬಂದು ನಲ್ಲಿಯ ಕೆಳಗೆ ಹಿಡಿದೆ.

ನಿನ್ನ ಅವ್ವ ನೋಡಿದಳು.

“ನಲ್ಲಿ ನೀರು ಯಾಕ ತುಂಬಲಾಕತ್ತೀರಿ? ಆಕಿ ಹೊಲದ್ದು ಕೇಳ್ಯಾಳ.”

“ಆಕಿ ಮರ್ಯಾದಿ ಉಳೀಲಿ. ಪರೀಕ್ಷಾಕ್ಕ ಅಷ್ಟೇ ಅದ. ಯಾರ ಕುಡೀತಾರ ಇದನ್ನ?”

ಅವಳು ಮತ್ತೆ ಕೇಳಲಿಲ್ಲ. ಆಮೇಲೆ ನೀನು ನೀರು ಚೆನ್ನಾಗಿದೆ ಎಂದು ಬರೆದೆ. ಇದು ನಿನಗೆ ಹೇಗೆ ಅರ್ಥವಾದೀತೋ ಕಾಣೆ, ಆ ಕಾಗದ ಓದಿ ನಾನೂ ನಂಬಿದೆ. ನಾನೇ ತುಂಬಿದ ನಲ್ಲಿ ನೀರಿನ ವರದಿ ಎಂದು ಗೊತ್ತಿದ್ದೂ, ನೀರು ಅಷ್ಟೇನೂ ಕೆಟ್ಟಿಲ್ಲ ಎಂದು ಮನಸ್ಸಿಗೆ ಅನಿಸತೊಡಗಿತು. ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಕೆಳಗೆ ಸೀಲು ಇತ್ತು. ನಿನ್ನ ಅವ್ವ ಅದನ್ನು ಮೊದಲು ದೇವರ ಫೋಟೋದ ಪಕ್ಕ, ಆಮೇಲೆ ಬುಟ್ಟಿಯ ಪಕ್ಕ ಇಟ್ಟಳು. ನಾನು ತಡೆಯಲಿಲ್ಲ.

ನಾಗರತ್ನಾಳಿಗೆ ಇನ್ನೂ ಹೇಳಿಲ್ಲ.

ಅಪ್ಪ


ಧಾರವಾಡ
9 ಏಪ್ರಿಲ್ 2024

ತಂದೆಯವರಿಗೆ,

ನಿಮ್ಮ ಪತ್ರ ತಲುಪಿತು.

ಎರಡು ವರದಿಗಳನ್ನೂ, ನಿಮ್ಮ ಪತ್ರದ ಸಾರಾಂಶವನ್ನೂ ಗೈಡ್ ಸರ್‌ಗೆ ಒಪ್ಪಿಸಿದ್ದೇನೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೆಡ್ಡಿನ ಬಗ್ಗೆಯೂ ದಂಡೆಯ ಸೊಪ್ಪಿನ ಬಗ್ಗೆಯೂ ಅಲ್ಲಿನ ಅಧಿಕಾರಿಗಳಿಗೆ ದೂರು ಕಳಿಸಲಾಗಿದೆ. ಪ್ರಾಜೆಕ್ಟನ್ನು ನಾನು ಕೈಬಿಟ್ಟಿದ್ದೇನೆ.

ನೀವು ಹೊಲದ ನೀರು ಕಳಿಸಿದ್ದರೆ ನವೆಂಬರಿನಲ್ಲೇ ಗೊತ್ತಾಗುತ್ತಿತ್ತು. ಶ್ರಾವ್ಯಾ ಈಗಲೂ ಮಾತಾಡುತ್ತಿದ್ದಳು. ನಾನು ಜನವರಿಯಲ್ಲಿ ಬಾಯಿ ಬಿಟ್ಟಿದ್ದರೂ ಬಹುಶಃ ಮಾತಾಡುತ್ತಿದ್ದಳು. ಇದರಲ್ಲಿ ನಿಮ್ಮದೆಷ್ಟು ನನ್ನದೆಷ್ಟು ಎಂದು ದಿನವೂ ಭಾಗ ಹಾಕುತ್ತೇನೆ, ಪಾಲು ಹೊಂದುವುದಿಲ್ಲ.

ಅಕ್ಕನಿಗೆ ನಾನೇ ಹೇಳಿದೆ. ಕೊನೆಗೆ, “ನೀವಿಬ್ಬರೂ ಓದಿ ಬರೆದೀರಿ. ನನಗ ಯಾರೂ ಒಂದು ಮಾತು ಹೇಳಲಿಲ್ಲ” ಎಂದು ಫೋನ್ ಇಟ್ಟಳು. ಆಮೇಲೆ ಎತ್ತುತ್ತಿಲ್ಲ.

ಬೇಸಿಗೆ ರಜೆಗೆ ಬರುವುದಿಲ್ಲ.

ಶಿವಕುಮಾರಿ


ದಹಿಸರ್
16 ಜೂನ್ 2024

ಮಗಳೇ,

ನನಗೆ ‘ನೀವು’ ಎಂದು ಬರೆದಿದ್ದೀಯ. ಬೇರೆ ಯಾರದೋ ಕಾಗದ ಬಂತೆಂದು ಲಕೋಟೆ ತಿರುಗಿಸಿ ಅಡ್ರೆಸ್ ನೋಡಿದೆ. ಎರಡು ತಿಂಗಳು ಉತ್ತರ ಬರೆಯಲಿಲ್ಲ. ಏನು ಬರೆದರೂ ನನ್ನ ಪರವಾಗಿ ಬರೆದ ಹಾಗೆ ಕಾಣುತ್ತಿತ್ತು.

ಶ್ರಾವ್ಯಾಳನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ನಡೆಯುತ್ತಾಳೆ, ಕೊಟ್ಟರೆ ಉಣ್ಣುತ್ತಾಳೆ. ಮಾತಿಲ್ಲ. ಹೆಸರು ಹಿಡಿದು ಕರೆದರೆ ಒಮ್ಮೊಮ್ಮೆ ತಿರುಗುತ್ತಾಳೆ, ಒಮ್ಮೊಮ್ಮೆ ಇಲ್ಲ. ಕೆಲವು ಮಾತು ಬಂದರೂ ಬರಬಹುದು, ಎಲ್ಲ ಬರುವುದಿಲ್ಲ ಎಂದು ಡಾಕ್ಟರು ಅನಿಲನಿಗೆ ಹೇಳಿದರಂತೆ. ಅನಿಲ, ನಾಗರತ್ನಾ ಮಗುವನ್ನು ಕರೆದುಕೊಂಡು ಧಾರಾವಿಯಲ್ಲಿ ಅವನ ಅಣ್ಣನ ಖೋಲಿಗೆ ಹೋದರು. ಹೋಗುವಾಗ ನಿನ್ನ ಅಕ್ಕ ನಿನ್ನ ಅವ್ವನ ಕಾಲಿಗೆ ನಮಸ್ಕರಿಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ, ದಾಟಿ ಹೋದಳು.

ಹೊಲ ಇಲ್ಲ. ಏಪ್ರಿಲ್ ಕೊನೆಗೆ ಅಧಿಕಾರಿಗಳು ಜೆಸಿಬಿ ತಂದು ಆರೂ ಮನೆಯವರ ಮಡಿಗಳನ್ನು ತಿರುವಿ ಹಾಕಿದರು, ಪಂಪುಗಳನ್ನು ಒಯ್ದರು. ನಮ್ಮದನ್ನು ನಾನು ಮೊದಲೇ ಕಿತ್ತಿದ್ದೆ. ಶೆಡ್ಡಿನವರು ಎರಡು ದಿನ ಮೊದಲೇ ತಗಡು ಬಿಚ್ಚಿಕೊಂಡು ಹೋಗಿದ್ದರು. ಇನ್ನೂ ಮೇಲೆ, ಬೇರೆ ನಾಲೆಯ ಹತ್ತಿರ ಹಾಕಿದ್ದಾರಂತೆ. ಸಂಗಪ್ಪ ಒಂದು ದಿನ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದು, “ನಿನ್ನ ಮಗಳ ಕಾಗದ ತೋರಿಸಿ ಮಾರಿದಿವಿ, ನಿನ್ನ ಮಗಳ ಕಾಗದಕ್ಕೇ ಹೊಲ ಹೋತು” ಎಂದ. ಅವನ ಮನೆಯಲ್ಲೂ ಎರಡು ಮಕ್ಕಳಿವೆ. ಅವರ ರಕ್ತ ಪರೀಕ್ಷೆ ಮಾಡಿಸು ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಈಗ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್. ಬೆಲ್ಲು ಕೇಳಿಸುವುದಿಲ್ಲ, ಎಷ್ಟು ದಿನ ಇಟ್ಟುಕೊಳ್ಳುತ್ತಾರೋ.

ಈ ಪತ್ರ ಬರೆಯುತ್ತಿರುವುದು ನನ್ನ ಸಲುವಾಗಿ ಅಲ್ಲ, ನಿನ್ನ ಅವ್ವನ ಸಲುವಾಗಿ.

ಅವಳು ಈಗಲೂ ದಿನವೂ ಸ್ಟೇಷನ್ನಿಗೆ ಹೋಗುತ್ತಾಳೆ. ಬುಟ್ಟಿಯಿಲ್ಲದೆ. ತನ್ನ ಜಾಗದಲ್ಲಿ ಕೂತು, ಹಳೇ ಗಿರಾಕಿಗಳು ಕಂಡರೆ ಎದ್ದು ಹೋಗಿ ನಿಲ್ಲಿಸಿ, ನಮ್ಮ ಸೊಪ್ಪು ಕೆಟ್ಟಿತ್ತು, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುತ್ತಾಳೆ. ಮರಾಠಿಯಲ್ಲಿ, ಹಿಂದಿಯಲ್ಲಿ, ಬಂದ ಹಾಗೆ. ಕೆಲವರಿಗೆ ಲೋಕಲ್ ರೈಲು ತಪ್ಪುತ್ತದೆ, ತಲೆಯಾಡಿಸಿ ಓಡುತ್ತಾರೆ. ಒಬ್ಬರು ನಕ್ಕು, ತಾಯೀ, ಮುಂಬೈಯಲ್ಲಿ ಯಾವುದು ಕೆಟ್ಟಿಲ್ಲ ಹೇಳು ಎಂದರಂತೆ. ಒಬ್ಬಾಕೆ ಬೈದಳಂತೆ. ಪಕ್ಕದ ಸೊಪ್ಪಿನವರು ಇವಳನ್ನು ಎಬ್ಬಿಸಲು ನೋಡಿದರು, ಏಳಲಿಲ್ಲ. ಬೇಡ ಎಂದು ನಾನು ಎರಡು ಸಲ ಹೇಳಿದೆ. “ನಿಮ್ಮ ಮಾತು ಒಮ್ಮೆ ಕೇಳಿದೆ” ಎಂದಳು.

ಶುಕ್ರವಾರ ಸೇವಂತಿ ಎಂಬಾಕೆ ಬಂದಿದ್ದಳು. ಉಡುಪಿ ಕಡೆಯವಳು, ಗಂಡ, ದೂಜ ಎಂಬವನು, ಮಾಟುಂಗದ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಬಸುರಿ, ಈಗ ಎಂಟು ತಿಂಗಳು. ಚಳಿಗಾಲದಿಂದ ನಮ್ಮ ಹತ್ತಿರವೇ ಒಯ್ಯುತ್ತಿದ್ದಳು, ಕಾಗದ ನೋಡಿ. ಮಾರ್ಚಿನಿಂದ ಅವ್ವ ಕಾಣಲಿಲ್ಲವೆಂದು ಸಂಗಪ್ಪನ ಹೆಂಡತಿಯ ಹತ್ತಿರ ಒಯ್ದಳಂತೆ. ಅವ್ವ ಎಲ್ಲ ಹೇಳಿದಳು. ಸೇವಂತಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳಂತೆ. ಆಮೇಲೆ ಕೇಳಿದಳು:

“ರಕ್ತ ಕೊಟ್ರೆ ಗೊತ್ತಾಗ್ತದಾ ಅಮ್ಮ?”

“ಗೊತ್ತಾಗ್ತದ.”

“ಗೊತ್ತಾದ್ರೆ ಒಳಗಿರುವ ಮಗುವಿನದ್ದು ತೆಗೀಲಿಕ್ಕೆ ಆಗ್ತದಾ?”

ಅವ್ವ ಕೇಳಿ ಹೇಳುತ್ತೇನೆ ಎಂದಿದ್ದಾಳೆ. ನಾನು ಪರೇಲಿಗೆ ಹೋಗಿ ಕೇಳಿದೆ, ಡಾಕ್ಟರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೇಳಲು ಹೆದರಿಕೆಯಾಯಿತು.

ಓದಿದವಳು ನೀನು. ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆಯೇ ಬರೆ. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ನಿನ್ನ ಅವ್ವನ ಹೆಸರಿಗೆ ಬರೆ, ಯಾರಾದರೂ ಓದಿ ಹೇಳುತ್ತಾರೆ. ಸೇವಂತಿ ಬರುವ ಮಂಗಳವಾರ ಅಲ್ಲ, ಅದರ ಮುಂದಿನ ಮಂಗಳವಾರ ಬರುತ್ತೇನೆ ಎಂದಿದ್ದಾಳೆ. ಅಷ್ಟರೊಳಗೆ ತಲುಪಲಿ.

ಸಾಯಬಣ್ಣ